ಲಂಗರು ಹಾಕಿದ ದೋಣಿಯ ಬೀಗ

ದಡದ ಮೇಲಿನ ಮನೆಗೆ ಗೋಡೆಯುಂಟು, ನೆರೆಮನೆಯ ಬೆಳಕುಂಟು, ಅಪರಿಚಿತನನ್ನು ಕಂಡು ಬೊಗಳುವ ನಾಯಿಯುಂಟು. ಲಂಗರು ಹಾಕಿ ನಿಂತ ದೋಣಿಗೆ ಇವಾವುವೂ ಇಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ, ಮಲ್ಪೆಯ ಬಂದರಿನಲ್ಲಿಯೂ ಮಂಗಳೂರಿನ ಧಕ್ಕೆಯಲ್ಲಿಯೂ ಬೋಟುಗಳು ಒಂದಕ್ಕೊಂದು ತಾಗಿ ನಿಂತು, ಬೋಟು ನಡೆಸುವ ತಾಂಡೇಲರೂ ಕೆಲಸದಾಳುಗಳಾದ ಕಲಾಸಿಗಳೂ ತಂತಮ್ಮ ಊರುಗಳಿಗೆ ತೆರಳಿದ ಮೇಲೆ, ಒಳಗಿರುವ ಬ್ಯಾಟರಿ, ವಯರ್‌ಲೆಸ್, ಡೀಸೆಲು, ಬಲೆ ಇವುಗಳ ಹೊಣೆಯೆಲ್ಲವೂ ಬಹುಮಟ್ಟಿಗೆ ಕ್ಯಾಬಿನ್ನಿನ ಬಾಗಿಲಲ್ಲಿ ತೂಗುವ ಒಂದು ಬೀಗದ ಮೇಲೆ ಬೀಳುತ್ತದೆ. ಆ ಬೀಗವು ಏನನ್ನು ತಡೆಯಬಲ್ಲುದು, ಏನನ್ನು ತಡೆಯಲಾರದು ಎಂಬುದನ್ನು ಅರಿತವರು ಕಡಿಮೆ.

ಬೀಗದ ಚರಿತ್ರೆಯಲ್ಲಿ ಹಡಗುಕಟ್ಟೆಯೊಂದಕ್ಕೆ ಗೌರವದ ಸ್ಥಾನವಿದೆ. 1817ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ಕಳ್ಳಕೀಲಿಗಳನ್ನು ಬಳಸಿ ಕನ್ನ ಹಾಕಲಾಗಿ, ತನ್ನ ಕೀಲಿಯೊಂದಕ್ಕಲ್ಲದೆ ಮತ್ತಾವುದಕ್ಕೂ ತೆರೆಯದ ಬೀಗವನ್ನು ನಿರ್ಮಿಸಿದವರಿಗೆ ಬಹುಮಾನ ಕೊಡುವುದಾಗಿ ಅಲ್ಲಿನ ಸರಕಾರವು ಸಾರಿತು. ಮರುವರ್ಷವೇ ಜೆರೆಮಿಯಾ ಚಬ್ ಎಂಬ ಕುಶಲಕರ್ಮಿಯು ರಚಿಸಿದ ಬೀಗದಲ್ಲಿ ಒಂದರ ಪಕ್ಕದಲ್ಲೊಂದು ಜೋಡಿಸಿದ ಹಲವು ಸನ್ನೆಪಟ್ಟಿಗಳಿದ್ದವು. ಕೀಲಿಯ ಒಂದೊಂದು ಹಲ್ಲೂ ಒಂದೊಂದು ಪಟ್ಟಿಯನ್ನು ನಿಯತವಾದ ಎತ್ತರಕ್ಕೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ, ಎತ್ತಿದಾಗ ಮಾತ್ರ ಪಟ್ಟಿಗಳಲ್ಲಿ ಕೊರೆದ ಕಂಡಿಗಳೆಲ್ಲವೂ ಒಂದೇ ನೇರಕ್ಕೆ ಬಂದು ಅಗುಳಿಗೆ ದಾರಿಯಾಗುತ್ತಿತ್ತು. ಇಷ್ಟೇ ಆಗಿದ್ದರೆ ಅದು ಉತ್ತಮ ಬೀಗವೆನಿಸಿಕೊಂಡು ಅಲ್ಲಿಗೇ ನಿಲ್ಲುತ್ತಿತ್ತು. ಚಬ್ಬನ ಪ್ರತಿಭೆಯು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಯಿತು: ಪರಕೀಯನು ಕಡ್ಡಿಯಾಡಿಸಿ ಯಾವುದಾದರೊಂದು ಪಟ್ಟಿಯನ್ನು ಮಿತಿಮೀರಿ ಎತ್ತಿದೊಡನೆ ಒಂದು ಸ್ಪ್ರಿಂಗು ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸಿ, ಮುಂದೆ ನಿಜವಾದ ಕೀಲಿಗೂ ಬೀಗವು ತೆರೆಯದಂತೆ ಮಾಡುತ್ತಿತ್ತು. ಇದರಿಂದಾಗಿ ತನ್ನ ಅನುಪಸ್ಥಿತಿಯಲ್ಲಿ ಯಾರೋ ಕೈಯಾಡಿಸಿದ್ದಾರೆಂಬುದು ಒಡೆಯನಿಗೆ ತಾನಾಗಿಯೇ ತಿಳಿಯುತ್ತಿತ್ತು. ಪೋರ್ಟ್ಸ್‌ಮತ್ತಿನಲ್ಲಿ ಲಂಗರು ಹಾಕಿದ್ದ ಸೆರೆಮನೆ-ಹಡಗೊಂದರಲ್ಲಿದ್ದ, ವೃತ್ತಿಯಿಂದ ಬೀಗ ಮಾಡುವವನೇ ಆಗಿದ್ದ ಕೈದಿಯೊಬ್ಬನಿಗೆ, ಇದನ್ನು ತೆರೆದರೆ ಬಿಡುಗಡೆಯೆಂದೂ ಮೇಲೆ ನೂರು ಪೌಂಡೆಂದೂ ಆಸೆ ತೋರಿಸಲಾಯಿತಾದರೂ, ಎರಡು ಮೂರು ತಿಂಗಳು ಹೆಣಗಿ ಆತನು ಸೋಲೊಪ್ಪಿಕೊಂಡನು.

ಆದರೆ 1851ರಲ್ಲಿ, ಲಂಡನ್ನಿನ ಮಹಾಪ್ರದರ್ಶನಕ್ಕೆಂದು ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಎಂಬವನು ಅದೇ ಜಾತಿಯ ಬೀಗವನ್ನು 25 ನಿಮಿಷಗಳಲ್ಲಿ ತೆರೆದುಬಿಟ್ಟನು. ಕಳ್ಳನನ್ನು ಪತ್ತೆಹಚ್ಚಲೆಂದು ಇಟ್ಟಿದ್ದ ಆ ಸ್ಪ್ರಿಂಗನ್ನೇ ಆತನು ಪಟ್ಟಿಯ ಎತ್ತರವನ್ನು ತಿಳಿಯುವ ಅಳತೆಗೋಲಾಗಿ ಮಾಡಿಕೊಂಡಿದ್ದನು. ಆದುದರಿಂದ ಬೀಗದ ಬಲವನ್ನು ಬಲ್ಲವರು ಬಹುಮಟ್ಟಿಗೆ ಕಾಲದಿಂದ ಅಳೆಯುತ್ತಾರೆ. ಅದು ಕಳ್ಳನನ್ನು ಎಷ್ಟು ಹೊತ್ತು ನಿಲ್ಲಿಸೀತು, ಅಷ್ಟರೊಳಗೆ ಯಾರಾದರೂ ಅವನನ್ನು ಕಂಡಾರೆ ಎಂಬುದೇ ಪ್ರಶ್ನೆ.

ಸಮುದ್ರದ ಮೇಲಾದರೋ ಕಳ್ಳನಿಗಿಂತ ಮೊದಲು ಬೀಗದ ಮೇಲೆ ಕೈಯಿಡುವುದು ಉಪ್ಪು. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುವುದಷ್ಟೆ. ಅದರಲ್ಲಿ ಸೇರಿದ ಮೆಗ್ನೀಸಿಯಂ ಕ್ಲೋರೈಡು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದಾದಕಾರಣ, ಅಲೆಯ ಹನಿ ಬೀಳದ ರಾತ್ರಿಯಲ್ಲಿಯೂ ಬೀಗವು ಒದ್ದೆಯಾಗಿಯೇ ಇರುತ್ತದೆ. ಸಾಮಾನ್ಯ ಬೀಗದ ಒಡಲು ಹಿತ್ತಾಳೆಯದು, ಕೊಂಡಿ ಉಕ್ಕಿನದು. ಎರಡು ಭಿನ್ನ ಲೋಹಗಳು ಪರಸ್ಪರ ತಾಗಿ ಉಪ್ಪುನೀರಿನಲ್ಲಿ ನೆನೆದರೆ ಅಲ್ಲಿ ವಿದ್ಯುತ್ಕೋಶವೊಂದು ಸಿದ್ಧವಾಯಿತು. ಕೊಂಡಿಯ ಮೇಲಿನ ಲೇಪವು ಒಂದೆಡೆ ಗೀಚಿಹೋದರೆ ಸಾಕು, ಅಲ್ಲಿಂದ ಕಬ್ಬಿಣವು ಕರಗತೊಡಗಿ ಹಿತ್ತಾಳೆಯು ಉಳಿದುಕೊಳ್ಳುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚಿನ ಸ್ಥಳವನ್ನು ಆಕ್ರಮಿಸುವುದರಿಂದ ಕೊಂಡಿಯು ತನ್ನ ರಂಧ್ರದೊಳಗೇ ಉಬ್ಬಿ ಬಿಗಿದುಕೊಂಡು, ಕೀಲಿಯಿರುವ ಒಡೆಯನೇ ಕಡೆಗೆ ಗರಗಸ ಹಿಡಿಯಬೇಕಾಗುತ್ತದೆ.

ತಾಗಿದ ಎರಡು ಲೋಹಗಳಲ್ಲಿ ಒಂದು ಕರಗಿ ಮತ್ತೊಂದು ಉಳಿಯುವ ಈ ತತ್ತ್ವವನ್ನೇ ರಕ್ಷಣೆಗಾಗಿ ಬಳಸಬಹುದೆಂದು ಲೋಕಕ್ಕೆ ತೋರಿಸಿಕೊಟ್ಟವನು ರಸಾಯನವಿಜ್ಞಾನಿ ಸರ್ ಹಂಫ್ರಿ ಡೇವಿ. ಬ್ರಿಟಿಷ್ ಯುದ್ಧನೌಕೆಗಳ ತಾಮ್ರದ ಹೊದಿಕೆಯು ಕಡಲಿನಲ್ಲಿ ಸವೆಯುತ್ತಿದ್ದುದನ್ನು ತಡೆಯಲು 1824ರಲ್ಲಿ ಆತನು ಅದಕ್ಕೆ ಸತುವಿನ ಇಲ್ಲವೆ ಕಬ್ಬಿಣದ ತುಂಡುಗಳನ್ನು ತಾಗಿಸಿದನು. ತುಂಡು ಸವೆಯಿತು, ತಾಮ್ರ ಉಳಿಯಿತು. ಇಂದಿಗೂ ಬೋಟುಗಳ ತಳದಲ್ಲಿ ಸತುವಿನ ಬಿಲ್ಲೆಗಳು ಇದೇ ಕೆಲಸವನ್ನು ಮಾಡುತ್ತಿವೆ. ಬೀಗದಲ್ಲಾದರೋ ಭಿನ್ನ ಲೋಹಗಳ ಜೋಡಿಯನ್ನೇ ತಪ್ಪಿಸಿ, ಕೊಂಡಿಗೂ ಒಡಲಿಗೂ ತುಕ್ಕು ಹಿಡಿಯದ ಉಕ್ಕನ್ನೇ, ಅದರಲ್ಲಿಯೂ ಮಾಲಿಬ್ಡಿನಂ ಬೆರೆಸಿದ 316ನೆಯ ದರ್ಜೆಯನ್ನು, ಬಳಸಿದ ಬೀಗವು ಕಡಲಿಗೆ ಯೋಗ್ಯವಾದುದು. ಆದರೆ ಅದು ಹದಗೊಳಿಸಿದ ಉಕ್ಕಿನಷ್ಟು ಕಠಿಣವಲ್ಲವಾಗಿ, ಕತ್ತರಿಸುವ ಇಕ್ಕುಳದ ಬಾಯಿಗೆ ಸಿಕ್ಕದ ಹಾಗೆ ಕೊಂಡಿಯ ಬಹುಭಾಗವನ್ನು ಒಡಲೇ ಮುಚ್ಚಿಕೊಂಡಿರುವಂಥದನ್ನು ಆರಿಸಬೇಕು. ಮನೆಯ ಬೀಗಕ್ಕೆ ಹಾಕುವ ಪೆನ್ಸಿಲ್ ಪುಡಿಯನ್ನು ದೋಣಿಯ ಬೀಗಕ್ಕೆ ಹಾಕಲಾಗದು. ಉಪ್ಪುನೀರಿನಲ್ಲಿ ಗ್ರಾಫೈಟು ತಾನು ಉಳಿದು ಲೋಹವನ್ನು ಸವೆಯಿಸುತ್ತದೆ.

ಇಷ್ಟೆಲ್ಲ ವಿಚಾರಿಸಿ ಬೀಗ ಕೊಂಡವರೂ ಎಡವುವುದು ಚಿಲಕದ ಪಟ್ಟಿಯ ವಿಷಯದಲ್ಲಿ. ಬೀಗದ ಒಳಗುಟ್ಟನ್ನು ಬಿಡಿಸುವ ಹಾಬ್ಸನಂಥ ಕಳ್ಳನು ಬಂದರಿಗೆ ಬರುವುದು ಅಪರೂಪ. ಬರುವವನು ಹಾರೆಯ ತುದಿಯನ್ನು ಪಟ್ಟಿಯ ಅಡಿಗೆ ತೂರಿಸಿ ಮೀಟುತ್ತಾನೆ. ಫೈಬರಿನಲ್ಲಾಗಲಿ ನೆನೆದ ಮರದಲ್ಲಾಗಲಿ ನೆಟ್ಟ ಗಿಡ್ಡ ಸ್ಕ್ರೂಗಳು ಆ ಒಂದೇ ಮೀಟಿಗೆ ಕಿತ್ತುಬರುತ್ತವೆ. ಬೀಗವು ಮುಚ್ಚಿಯೇ ಇರುತ್ತದೆ, ಬಾಗಿಲು ತೆರೆದಿರುತ್ತದೆ. ಪಟ್ಟಿಯನ್ನು ಹಲಗೆಯ ಮೂಲಕ ಹಾಯುವ ಬೋಲ್ಟುಗಳಿಂದ ಬಿಗಿದು, ಒಳಭಾಗದಲ್ಲಿ ಅಗಲವಾದ ಲೋಹದ ತಗಡನ್ನಿಟ್ಟು ನಟ್ಟು ಹಾಕಿದರೆ, ಮೀಟುವ ಬಲವು ಒಂದು ಬಿಂದುವಿನಲ್ಲಿ ನಿಲ್ಲದೆ ತಗಡಿನ ವಿಸ್ತಾರಕ್ಕೆಲ್ಲ ಹಂಚಿಹೋಗುತ್ತದೆ. ಹೊರಗೆ ಕಾಣುವ ಬೋಲ್ಟಿನ ತಲೆಯು ನುಣುಪಾಗಿ ದುಂಡಗಿದ್ದು ಸ್ಪ್ಯಾನರಿಗೆ ಹಿಡಿತ ಕೊಡದಂತಿರಬೇಕು. ನಾಡದೋಣಿಯ ಹಿಂಬದಿಗೆ ಎರಡು ತಿರುಪುಗಳಿಂದ ಕಚ್ಚಿಸಿದ ಸಣ್ಣ ಔಟ್‌ಬೋರ್ಡ್ ಎಂಜಿನ್ನಿಗೆ, ಆ ಎರಡು ತಿರುಪುಗಳ ಹಿಡಿಗಳನ್ನೂ ಒಟ್ಟಿಗೆ ಮುಚ್ಚುವ ಕೊಳವೆ-ಬೀಗವುಂಟು. ಹಿಡಿಯನ್ನು ತಿರುಗಿಸಲಾಗದಿದ್ದರೆ ಎಂಜಿನ್ನನ್ನು ಸುಲಭವಾಗಿ ಕಳಚಲಾಗದು. ಅದಕ್ಕಿಂತಲೂ ಉತ್ತಮವಾದ ಉಪಾಯವೆಂದರೆ ಎಂಜಿನ್ನನ್ನು ಕಳಚಿ ಮನೆಗೆ ಒಯ್ಯುವುದೇ.

ಮಳೆಗಾಲಕ್ಕೆ ಬೋಟು ಕಟ್ಟುವ ಮುನ್ನ ಪ್ರತಿಯೊಬ್ಬ ಒಡೆಯನೂ ಬೀಗವನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ತೆಳುವಾದ ಎಣ್ಣೆ ಬಿಡಲಿ. ಚಿಲಕದ ಪಟ್ಟಿಯನ್ನು ಕೈಯಿಂದ ಜಗ್ಗಿ ನೋಡಲಿ. ಎಂಜಿನ್ನಿನ ಸಂಖ್ಯೆಯನ್ನು ಮನೆಯಲ್ಲಿ ಬರೆದಿಡಲಿ. ಸುಲಭವಾಗಿ ಒಯ್ಯಬಹುದಾದುದನ್ನು ಬೋಟಿನಲ್ಲಿ ಬಿಡದಿರಲಿ. ಅಕ್ಕಪಕ್ಕದ ಬೋಟಿನವರು ಕೂಡಿಕೊಂಡು ಧಕ್ಕೆಗೆ ಒಬ್ಬ ರಾತ್ರಿ ಕಾವಲುಗಾರನನ್ನು ನೇಮಿಸಿದರಂತೂ ಬಹಳ ಒಳ್ಳೆಯದು.