ಉಪ್ಪಿನ ನಾಡಿನಲ್ಲಿ ನೀಮೋ ಸಂಸಾರ

ಕ್ಲೌನ್‌ಫಿಶ್ ಮನೆಯಲ್ಲಿ ಹೆಂಗಸಿನದೇ ಯಜಮಾನಿಕೆ. ಗಾತ್ರದಲ್ಲಿ ಅವಳೇ ದೊಡ್ಡವಳು, ಜಗಳಕ್ಕೂ ಅವಳೇ ಮುಂದು. ಅವಳಿಗಿಂತ ತುಸು ಚಿಕ್ಕವನು ಗಂಡ. ಉಳಿದವೆಲ್ಲ ದಸರಾ ಗೊಂಬೆಗಳ ಹಾಗೆ ಒಂದಕ್ಕಿಂತ ಒಂದು ಗಿಡ್ಡ. ಮೇಲಿನವರನ್ನು ಮೀರಿ ಬೆಳೆದರೆ ಮನೆಯಿಂದಲೇ ಉಚ್ಚಾಟನೆ. ಹಾಗಾಗಿ ಬೆಳವಣಿಗೆಯನ್ನೇ ಬಿಗಿಹಿಡಿದು ಬದುಕುತ್ತವೆ. ಯಜಮಾನಿ ಸತ್ತರೆ ಗಂಡ ಇನ್ನೊಂದು ಹೆಣ್ಣು ಹುಡುಕುವುದಿಲ್ಲ, ತಾನೇ ಹೆಣ್ಣಾಗುತ್ತಾನೆ. ಸರದಿಯಲ್ಲಿ ಮುಂದಿದ್ದ ಪುಟ್ಟಣ್ಣ ಅವಳಿಗೆ ಗಂಡ. 2003ರಲ್ಲಿ ಬಂದ ‘ಫೈಂಡಿಂಗ್ ನೀಮೋ’ ಚಿತ್ರ ಈ ಸಂಗತಿಯನ್ನು ಜಾಣತನದಿಂದ ನುಂಗಿಕೊಂಡಿತು. ಆರಂಭದಲ್ಲೇ ತಾಯಿಯನ್ನು ಕಳೆದುಕೊಂಡ ಆ ಮನೆಯ ಅಪ್ಪ ಸಿನಿಮಾ ಮುಗಿಯುವಷ್ಟರಲ್ಲಿ ಅಮ್ಮನಾಗಬೇಕಿತ್ತು!

ಕಿತ್ತಳೆ ಮೈಗೆ ಬಿಳಿ ಪಟ್ಟೆ ಸುತ್ತಿಕೊಂಡ ಈ ಹವಳದ ಮೀನಿಗೆ ಗುಜರಾತಿನ ಶಹರಗಳಲ್ಲಿ ಅಭಿಮಾನಿಗಳು ಕಡಿಮೆಯಿಲ್ಲ. ಅಹಮದಾಬಾದಿನ ಸೈನ್ಸ್ ಸಿಟಿಯಲ್ಲಿ 2021ರ ಜುಲೈನಲ್ಲಿ ಉದ್ಘಾಟನೆಯಾದ ಅಕ್ವಾಟಿಕ್ ಗ್ಯಾಲರಿಯಲ್ಲಿ 68 ತೊಟ್ಟಿಗಳಿವೆ, 188 ಜಾತಿಯ ಜಲಚರಗಳಿವೆ. ಶಾರ್ಕ್ ನೆತ್ತಿಯ ಮೇಲೆ ಹಾಯುವ 28 ಮೀಟರ್ ಗಾಜಿನ ಸುರಂಗದಲ್ಲೇ ಜನಜಂಗುಳಿ. ಸೂರತ್‌ನ ಪಾಲ್ ಬಡಾವಣೆಯಲ್ಲಿ ನಗರಪಾಲಿಕೆಯದೇ ಅಕ್ವೇರಿಯಂ ಇದೆ. ಗಿಡಗಳ ಸ್ಪಂದನೆಯನ್ನು ಅಳೆದ ಜಗದೀಶಚಂದ್ರ ಬೋಸರ ಹೆಸರು ಅದಕ್ಕೆ ಹೇಗೆ ಬಂತೋ! ವಡೋದರಾಕ್ಕೆ ಕಡಲಿನ ನಂಟು ಬೇರೆ ಬಗೆಯದು. ಅಲ್ಲಿನ ಸಯಾಜಿ ಬಾಗ್ ಮ್ಯೂಸಿಯಂನಲ್ಲಿರುವುದು ಮಹಿ ನದಿಯ ಅಳಿವೆಗೆ 1944ರಲ್ಲಿ ಬಂದುಬಿದ್ದ ನೀಲಿ ತಿಮಿಂಗಿಲದ ಅಸ್ಥಿಪಂಜರ.

ಇಂಥ ಕಡೆ ಸುತ್ತಿಬಂದ ಮಕ್ಕಳು ಮನೆಯಲ್ಲೂ ನೀಮೋ ಬೇಕೆಂದು ಹಟ ಹಿಡಿಯುತ್ತಾರೆ. ಮೀನು ತರುವುದು ಸುಲಭ. ಸಮುದ್ರ ತರುವುದು ಹೇಗೆ?

ಸೂರತ್‌ನವರಿಗೆ ಡುಮಸ್ ಕಡಲತೀರ ಕೈಗೆಟುಕುವಷ್ಟು ಹತ್ತಿರ. ಆದರೆ ಖಂಭಾತ್ ಕೊಲ್ಲಿಯ ಭರತ ಕೆಲವೆಡೆ ಹತ್ತು ಮೀಟರ್ ಮೀರಿ ಏರುತ್ತದೆ. ಆ ಸೆಳೆತಕ್ಕೆ ತಳದ ಕೆಸರೆಲ್ಲ ಎದ್ದು ನೀರು ಚಹಾ ಬಣ್ಣಕ್ಕೆ ತಿರುಗಿರುತ್ತದೆ. ತಿಳಿನೀರು, ಬಿಸಿಲು ಬೇಡುವ ಹವಳದ ಲೋಕಕ್ಕೆ ಅದು ಒಗ್ಗದು. ಹಾಗಾಗಿ ಮನೆಯಲ್ಲೇ ಕಡಲು ಕಲಸಬೇಕು. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಉಪ್ಪು. 200 ಲೀಟರ್ ತೊಟ್ಟಿಗೆ ಏಳು ಕಿಲೋ ಆಯಿತು. ದೇಶದ ಉಪ್ಪಿನಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟನ್ನು ಬೆಳೆಯುವ ರಾಜ್ಯ, ಉಪ್ಪಿಗಾಗಿ ಸಾಬರಮತಿಯಿಂದ ದಂಡಿಗೆ ನಡೆದ ನೆಲ, ಇಲ್ಲಿ ಉಪ್ಪಿಗೇನು ಬರ ಎನ್ನಬಹುದು. ಆದರೆ ಇಲ್ಲಿನ ಉಪ್ಪುಗಾರರಾದ ಅಗರಿಯಾಗಳು ಬೆಳೆಯುವ ಉಪ್ಪು ಈ ಮೀನಿಗೆ ನಡೆಯುವುದಿಲ್ಲ. ಉಪ್ಪಿನ ಗದ್ದೆಯಲ್ಲಿ ಕಡಲನೀರು ಇಂಗುತ್ತ ಹೋದಂತೆ ಮೊದಲು ಜಿಪ್ಸಂ ರೂಪದಲ್ಲಿ ಕ್ಯಾಲ್ಸಿಯಂ ತಳ ಸೇರುತ್ತದೆ, ಆಮೇಲೆ ಅಡುಗೆ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಸಿಯಂ ಕಹಿನೀರಿನಲ್ಲೇ ಉಳಿದುಬಿಡುತ್ತದೆ. ನಮ್ಮ ಸಾರಿಗೆ ಬೇಡವಾದ ಅವೆಲ್ಲವೂ ಮೀನಿನ ತೊಟ್ಟಿಗೆ ಬೇಕು. ಎಲ್ಲವನ್ನೂ ಮತ್ತೆ ಅಳತೆಯಲ್ಲಿ ಬೆರೆಸಿದ ‘ರೀಫ್ ಸಾಲ್ಟ್’ ಅಂಗಡಿಯಿಂದ ಬರಬೇಕು, ಅಡುಗೆ ಉಪ್ಪಿನ ಎಷ್ಟೋ ಪಟ್ಟು ದುಡ್ಡು ಕೊಟ್ಟು.

ಇನ್ನೊಂದು ಸೂಕ್ಷ್ಮ: ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ತೊಟ್ಟಿಯ ಮಟ್ಟ ಇಳಿದಾಗ ಉಪ್ಪುನೀರು ತುಂಬಿದರೆ ದಿನದಿಂದ ದಿನಕ್ಕೆ ಉಪ್ಪು ಏರುತ್ತಲೇ ಹೋಗುತ್ತದೆ. ಆವಿಯಾದಷ್ಟಕ್ಕೆ ಸಿಹಿನೀರು, ಚೆಲ್ಲಿ ಬದಲಿಸಿದಷ್ಟಕ್ಕೆ ಉಪ್ಪುನೀರು.

ನೀರು ಸಿದ್ಧವಾದರೂ ಮೀನು ಬಿಡುವಂತಿಲ್ಲ. ಮೀನಿನ ಹೇಲು, ತಿಂದುಳಿದ ಆಹಾರ ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಬೇಕು, ಮತ್ತೊಂದು ಅದನ್ನು ಅಷ್ಟು ವಿಷವಲ್ಲದ ನೈಟ್ರೇಟ್‌ಗೆ ತಿರುಗಿಸಬೇಕು. ಕಣ್ಣಿಗೆ ಕಾಣದ ಈ ಜಾಡಮಾಲಿಗಳು ಕಲ್ಲಿನ ಸಂದಿಯಲ್ಲಿ ನೆಲೆಯೂರಲು ನಾಲ್ಕಾರು ವಾರ ಬೇಕು. ಅಷ್ಟೂ ದಿನ ದೀಪ ಉರಿಯುತ್ತದೆ, ಪಂಪು ಓಡುತ್ತದೆ, ತೊಟ್ಟಿ ಖಾಲಿ. ಮನೆಗೆ ಬಂದ ನೆಂಟರೆಲ್ಲ ‘ಮೀನೆಲ್ಲಿ?’ ಎಂದು ಕೇಳುತ್ತಾರೆ. ಈ ಹವ್ಯಾಸದ ನಿಜವಾದ ಪರೀಕ್ಷೆ ಇದೇ. ಇಲ್ಲಿ ಅವಸರಪಟ್ಟವರ ಮೊದಲ ಜೋಡಿ ವಾರದೊಳಗೆ ತೇಲುತ್ತದೆ.

ಉಳಿದದ್ದು ಬೇಸಿಗೆಯ ಚಿಂತೆ. ನೀರು 25–27 ಡಿಗ್ರಿಯಲ್ಲಿರಬೇಕು. ಅಹಮದಾಬಾದಿನ ಮೇ ತಿಂಗಳು 42 ದಾಟುತ್ತದೆ. ಕಾದ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಚಿಲ್ಲರ್ ಬೇಕು, ಕರೆಂಟ್ ಹೋದರೆ ಅದಕ್ಕೊಂದು ಇನ್ವರ್ಟರ್.

ಮೀನಿನ ಮನೆಯಾದ ಅನಿಮೋನ್ ತೊಟ್ಟಿಗೆ ಅನಿವಾರ್ಯವಲ್ಲ, ಸಾಕುವುದೂ ಕಷ್ಟ. ಅದಿಲ್ಲದಿದ್ದರೆ ಕ್ಲೌನ್‌ಫಿಶ್ ಪಂಪಿನ ಮೂಲೆಯನ್ನೇ ತನ್ನದೆಂದು ಕಾಯುತ್ತದೆ. ಆದರೆ ನಮ್ಮ ಕಡಲಿನ ಗಟ್ಟಿಹವಳ ಕಿತ್ತು ಅಲಂಕಾರಕ್ಕಿಡುವುದು ಅಪರಾಧ. 2001ರಿಂದ ಅದು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಹವಳ ನೋಡಲೇಬೇಕೆಂದರೆ ಇದೇ ರಾಜ್ಯದ ಜಾಮ್‌ನಗರದ ಬಳಿ ನರಾರಾ ಇದೆ. ಅದು 1982ರಲ್ಲಿ ಘೋಷಣೆಯಾದ ಸಾಗರ ರಾಷ್ಟ್ರೀಯ ಉದ್ಯಾನದ ಭಾಗ. ಇಳಿತದ ಹೊತ್ತಿಗೆ ಮೊಣಕಾಲುದ್ದದ ನೀರಿನಲ್ಲಿ ನಡೆದೇ ನೋಡಬಹುದು.

ಮೀನನ್ನೂ ಕಡಲಿನಿಂದ ಹಿಡಿದು ತರಬೇಕಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ವಿಳಿಂಜಂ, ಮಂಡಪಂ ಕೇಂದ್ರಗಳಲ್ಲಿ ಕ್ಲೌನ್‌ಫಿಶ್‌ಗಳ ಮರಿ ಮಾಡುವ ವಿಧಾನ ರೂಪಿಸಿ ಎಷ್ಟೋ ಕಾಲವಾಯಿತು. ಗಂಡು ರೆಕ್ಕೆ ಬೀಸಿ ಗಾಳಿ ಹಾಕುತ್ತ ಕಾದ ಮೊಟ್ಟೆಗಳು ವಾರ-ಹತ್ತು ದಿನದಲ್ಲಿ, ಕತ್ತಲಾದ ಮೇಲೆ ಒಡೆಯುತ್ತವೆ. ಸೂಜಿಮೊನೆಯಂಥ ಮರಿಗೆ ಮೊದಲ ತುತ್ತು ಅದಕ್ಕಿಂತ ಸಣ್ಣ ರೋಟಿಫರ್ ಜೀವಿಗಳು. ಅವನ್ನೂ ಬೇರೆ ಬಕೆಟ್ಟಿನಲ್ಲಿ ಸಾಕಬೇಕು. ಅಂಗಡಿಗೆ ಹೋದಾಗ ‘ಇದು ಸಾಕಿದ್ದೋ, ಹಿಡಿದದ್ದೋ?’ ಎಂದು ಕೇಳುವ ಗಿರಾಕಿಗಳು ಹೆಚ್ಚಿದರೆ ಹವಳದ ದಿಬ್ಬಗಳಿಗೆ ಅಷ್ಟು ಉಸಿರು ಸಿಕ್ಕೀತು.

ಚೆನ್ನಾಗಿ ನೋಡಿಕೊಂಡ ಕ್ಲೌನ್‌ಫಿಶ್ 20 ವರ್ಷವೂ ಬದುಕಬಲ್ಲದು. ಅಂಗಡಿಯವರು ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ. ಹಟ ಮಾಡಿ ತರಿಸಿದ ಎಂಟು ವರ್ಷದ ಹುಡುಗ ಎಂಜಿನಿಯರಿಂಗ್ ಸೇರಿ ಪುಣೆಗೋ ಬೆಂಗಳೂರಿಗೋ ಹೊರಟುಹೋಗಿರುತ್ತಾನೆ. ವಾರಕ್ಕೆ 20 ಲೀಟರ್ ನೀರು ತೆಗೆದು, 700 ಗ್ರಾಂ ಉಪ್ಪು ತೂಗಿ ಕಲಸುವ ಕೆಲಸ ಅಪ್ಪ-ಅಮ್ಮನ ಪಾಲಿಗೆ. ರಜೆಗೆ ಬಂದವನು ತೊಟ್ಟಿಯತ್ತ ಒಮ್ಮೆ ಕಣ್ಣು ಹಾಯಿಸಿ, ‘ಇದಿನ್ನೂ ಇದೆಯಾ?’ ಎನ್ನುತ್ತಾನೆ.