ರೂಟರಿನ ಮೆಮೊರಿ ದೋಷ: ತಾಳೆಪಟ್ಟಿ ಹೇಳುವ ಪಾಠ

ತಿಂಗಳ 20ನೆಯ ತಾರೀಖು, ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವ ವೇಳೆ ಇಂಟರ್‌ನೆಟ್ ಸಂಪರ್ಕ ಕಡಿದರೆ ಆಗುವ ಸಂಕಟ ವರ್ತಕ ಬಂಧುಗಳಿಗೆ ಹೊಸದಲ್ಲ. ನನ್ನ ಕಕ್ಷಿದಾರರೊಬ್ಬರ ಕಚೇರಿಯಲ್ಲಿ ರೂಟರು ಅಂದು ಮೂರು ಬಾರಿ ತಾನಾಗಿಯೇ ಮರುಚಾಲನೆಗೊಂಡಿತು. ಸಿಬ್ಬಂದಿ ಪ್ರತಿಸಲವೂ ಸ್ವಿಚ್ಚು ಆರಿಸಿ ಹಾಕಿದರು. ಇಂಟರ್‌ನೆಟ್ ಸಂಸ್ಥೆಯನ್ನು ದೂರಿದರು. ರಿಟರ್ನ್ ಮರುದಿನ ವಿಳಂಬ ಶುಲ್ಕ ಮತ್ತು ಬಡ್ಡಿಯೊಂದಿಗೆ ಸಲ್ಲಿಕೆಯಾಯಿತು. ನಾಲ್ಕನೆಯ ಬಾರಿ ಸ್ವಿಚ್ಚು ಮುಟ್ಟದೆ ನೋಡಿದಾಗ ತಿಳಿದದ್ದು: ದೋಷವಿದ್ದುದು ರೂಟರಿನ ರ‍್ಯಾಮ್‌ನಲ್ಲಿ.

ದೋಷದ ಎರಡು ಬಗೆಗಳು

ಮೆಮೊರಿಯಲ್ಲಿ ಮಾಹಿತಿಯು 0 ಮತ್ತು 1 ಎಂಬ ಬಿಟ್‌ಗಳಾಗಿರುತ್ತದೆ. ಬಿಟ್‌ಗಳ ಗುಂಪಿಗೆ ‘ಪ್ಯಾರಿಟಿ’ ಎಂಬ ಒಂದು ಹೆಚ್ಚುವರಿ ಬಿಟ್ ಸೇರಿಸಿ, 1ಗಳ ಸಂಖ್ಯೆ ಸಮವೋ ಬೆಸವೋ ಎಂದು ತಾಳೆ ನೋಡಲಾಗುತ್ತದೆ. ಇದು ನಮ್ಮ ತಾಳೆಪಟ್ಟಿಯಂತೆಯೇ. ತಪ್ಪಿದೆ ಎನ್ನುತ್ತದೆ, ಎಲ್ಲಿದೆ ಎನ್ನದು. ಎರಡು ತಪ್ಪುಗಳು ಸರಿದೂಗಿದರೆ ಸುಮ್ಮನಿರುತ್ತದೆ. ಇದಕ್ಕಿಂತ ಮೇಲಾದ ‘ಇ.ಸಿ.ಸಿ.’ ಮೆಮೊರಿಯು ಒಂದು ಬಿಟ್‌ನ ತಪ್ಪನ್ನು ತಾನೇ ತಿದ್ದಿ, ಎರಡು ಬಿಟ್‌ಗಳ ತಪ್ಪನ್ನು ಗುರುತಿಸುತ್ತದೆ.

ತಾತ್ಕಾಲಿಕ ದೋಷದಲ್ಲಿ ಚಿಪ್ಪು ಕೆಟ್ಟಿರುವುದಿಲ್ಲ. ಒಂದು ಬಿಟ್ ಮಾತ್ರ ಬದಲಾಗಿರುತ್ತದೆ. ಚಿಪ್ಪಿನ ಕವಚದಲ್ಲಿನ ಅಲ್ಪ ವಿಕಿರಣವೂ ಇದಕ್ಕೆ ಕಾರಣವೆಂದು ಇಂಟೆಲ್ ಸಂಶೋಧಕರು 1978ರಲ್ಲಿ ತೋರಿಸಿದರು. ಬೆಲ್ಜಿಯಮ್ಮಿನ 2003ರ ಚುನಾವಣೆಯಲ್ಲಿ ಒಂದೆಡೆ ಅಭ್ಯರ್ಥಿಯೊಬ್ಬರಿಗೆ 4096 ಮತಗಳು ಹೆಚ್ಚಾಗಿ ದಾಖಲಾದವು. 4096 ಎಂಬುದು 2ರ 12ನೆಯ ಘಾತ, ಅಂದರೆ ಒಂದೇ ಬಿಟ್‌ನ ಬೆಲೆ. ಮೊತ್ತವು ಸಾಧ್ಯವಿರುವುದನ್ನು ಮೀರಿದ್ದರಿಂದಲೇ ತಪ್ಪು ಬೆಳಕಿಗೆ ಬಂದಿತು.

ಕಾಯಂ ದೋಷದಲ್ಲಿ ಚಿಪ್ಪೇ ಕೆಟ್ಟಿರುತ್ತದೆ, ಇಲ್ಲವೇ ರ‍್ಯಾಮ್ ತನ್ನ ಸ್ಲಾಟ್‌ನಲ್ಲಿ ಸಡಿಲವಾಗಿರುತ್ತದೆ. ಇಂಥ ತಪ್ಪು ಮರುಕಳಿಸುತ್ತದೆ.

ಅನುಸರಿಸಬೇಕಾದ ಕ್ರಮ

1. ರೂಟರು ತಾನಾಗಿ ಮರುಚಾಲನೆಗೊಂಡರೆ ಸ್ವಿಚ್ಚು ಆರಿಸುವ ಮುನ್ನ ಅದರ ಸಂದೇಶಗಳನ್ನು ನಕಲು ಮಾಡಿಕೊಳ್ಳಿ. ಸಿಸ್ಕೊ ರೂಟರುಗಳಲ್ಲಿ ‘ಶೋ ವರ್ಷನ್’ ಆಜ್ಞೆಯು ಮರುಚಾಲನೆಯ ಕಾರಣವನ್ನು ತೋರಿಸುತ್ತದೆ. ಸ್ವಿಚ್ಚು ಆರಿಸಿ ಹಾಕಿದರೆ ಆ ಜಾಗದಲ್ಲಿ ವಿದ್ಯುತ್ ಬಂದ ವಿಷಯವಷ್ಟೇ ಉಳಿಯುತ್ತದೆ.

2. ‘ಮೆಮೊರಿ ಸಾಲದು’ ಎಂಬ ಸಂದೇಶವನ್ನು ಚಿಪ್ಪಿನ ದೋಷವೆಂದು ಭಾವಿಸಬೇಡಿ. ಅದು ಸಾಮಾನ್ಯವಾಗಿ ತಂತ್ರಾಂಶದ ಅಥವಾ ಹೆಚ್ಚಿದ ಹೊರೆಯ ಸಮಸ್ಯೆ.

3. ಪ್ಯಾರಿಟಿ ದೋಷ ಒಮ್ಮೆ ಮಾತ್ರ ಬಂದರೆ ದಿನಾಂಕ, ವೇಳೆ ಬರೆದಿಟ್ಟು ಕಾದು ನೋಡಿ. ಅವಸರಪಟ್ಟು ಬಿಡಿಭಾಗ ಕೊಳ್ಳಬೇಡಿ.

4. ಮರುಕಳಿಸಿದರೆ ರೂಟರಿನ ಸೆಟ್ಟಿಂಗುಗಳ ಪ್ರತಿ ತೆಗೆದಿಟ್ಟು, ವಿದ್ಯುತ್ ಕಡಿದು, ತಂತ್ರಜ್ಞರಿಂದ ರ‍್ಯಾಮ್ ಕಳಚಿ ಮತ್ತೆ ಕೂರಿಸಿ. ಆಮೇಲೂ ಬಂದರೆ ರ‍್ಯಾಮ್ ಬದಲಿಸಿ. ಹೊಸದರಲ್ಲೂ ಬಂದರೆ ಸ್ಲಾಟ್ ಅಥವಾ ಮುಖ್ಯ ಬೋರ್ಡನ್ನು ಪರೀಕ್ಷಿಸಬೇಕು. ಸಣ್ಣ ರೂಟರುಗಳಲ್ಲಿ ಚಿಪ್ಪು ಬೆಸುಗೆಯಾಗಿರುವುದರಿಂದ ಇಡೀ ರೂಟರನ್ನೇ ಬದಲಿಸಬೇಕಾಗುತ್ತದೆ; ಮೊದಲು ವಾರಂಟಿ ನೋಡಿ.

ಲೆಕ್ಕಪತ್ರದಲ್ಲಿ ರ‍್ಯಾಮ್ ಬದಲಾವಣೆ ಸಾಮಾನ್ಯವಾಗಿ ರಿಪೇರಿ ಖರ್ಚು. ಹೊಸ ರೂಟರು ಸ್ಥಿರಾಸ್ತಿ. ಕಂಪ್ಯೂಟರಿನೊಂದಿಗೆ ಬಳಸುವ ರೂಟರಿಗೆ ಕಂಪ್ಯೂಟರಿನ ದರದಲ್ಲೇ ಸವಕಳಿ ಸಲ್ಲುತ್ತದೆಂದು ಮುಂಬಯಿಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠ 2010ರಲ್ಲಿ ತೀರ್ಪಿತ್ತಿದೆ.

ವೋಚರ್ ಇಲ್ಲದ ಖರ್ಚನ್ನು ನಾವು ಒಪ್ಪುವುದಿಲ್ಲ. ದಾಖಲೆಯಿಲ್ಲದ ದುರಸ್ತಿಯನ್ನೂ ಒಪ್ಪಬೇಕಾಗಿಲ್ಲ. ರೂಟರಿನ ಪಕ್ಕದಲ್ಲಿ ಒಂದು ನೋಟ್ ಪುಸ್ತಕವಿರಲಿ. ನನ್ನ ಕಕ್ಷಿದಾರರು ಈಗ ಇರಿಸಿದ್ದಾರೆ.