ಹಿಮಚಿರತೆಯ ಊರಿನಲ್ಲಿ ಸರದಿಯ ಅತಿಥಿಗಳು



ಹೋಂಸ್ಟೇ ಎಂಬ ಮಾತು ನಿಮಗೆ ಹೊಸದಲ್ಲ. ಕೊಡಗು, ಚಿಕ್ಕಮಗಳೂರು ಕಡೆ ತೋಟದ ಮನೆಗಳ ಮುಂದೆ ಆ ಫಲಕವನ್ನು ನೋಡಿರುತ್ತೀರಿ. ಅಲ್ಲಿ ಸಾಮಾನ್ಯವಾಗಿ ಮನೆ ಯಾರದೋ ಲಾಭವೂ ಅವರದೇ. ಆದರೆ ದೇಶದ ಉತ್ತರದ ತುದಿಯಲ್ಲಿರುವ ಲಡಾಖಿನಲ್ಲಿ ದನ, ಕುರಿ, ಮೇಕೆ ಸಾಕಿ ಬದುಕುವ ಬುಡಕಟ್ಟು ಹೆಣ್ಣುಮಕ್ಕಳು ಇದೇ ಕೆಲಸವನ್ನು ಊರೊಟ್ಟಿನ ಕೆಲಸವಾಗಿ, ಹೆಚ್ಚುಕಡಿಮೆ ನಮ್ಮ ಹಾಲಿನ ಸಂಘದ ರೀತಿಯಲ್ಲೇ ನಡೆಸಿಕೊಂಡು ಬಂದಿದ್ದಾರೆ. ಅವರೂ ನಮ್ಮಂತೆ ಕೊಟ್ಟಿಗೆಯವರು. ಆದ್ದರಿಂದ ಈ ವಿಷಯ ನಿಮಗೆ ತಿಳಿದಿರಲಿ ಎಂದು ಇಲ್ಲಿ ವಿವರಿಸಲಾಗಿದೆ.

ಲೇಹ್ ಪಟ್ಟಣದಿಂದ ಸಿಂಧೂ ನದಿ ದಾಟಿದರೆ ಹೆಮಿಸ್ ರಾಷ್ಟ್ರೀಯ ಉದ್ಯಾನ ಸಿಗುತ್ತದೆ. 1981ರಲ್ಲಿ ಸ್ಥಾಪನೆಯಾದ ಈ ಉದ್ಯಾನದ ಒಳಗೇ ರುಂಬಕ್, ಮಾರ್ಖಾ ಮುಂತಾದ ಹಳ್ಳಿಗಳಿವೆ. ರುಂಬಕ್ ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟು ಎಂದರೆ ಅಂದಾಜು ಸಿಗಬಹುದು. ಮನೆಗಳು ಬೆರಳೆಣಿಕೆಯಷ್ಟು. ಇಲ್ಲಿನ ಬೋಟೋ ಜನರನ್ನು 1989ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ವರ್ಷಕ್ಕೆ ಒಂದೇ ಬೆಳೆ: ಬಾರ್ಲಿ, ಬಟಾಣಿ, ಒಂದಿಷ್ಟು ಸೊಪ್ಪು. ಉಳಿದದ್ದೆಲ್ಲ ಜಾನುವಾರು.

ಹೈನುಗಾರರಿಗೆ ಕುತೂಹಲವಾಗುವ ಸಂಗತಿ ಇಲ್ಲೊಂದಿದೆ. ಅಲ್ಲಿ ಯಾಕ್ ಹೋರಿಗೆ ನಾಡಹಸು ಕೂಡಿಸಿ ಮಿಶ್ರತಳಿ ಪಡೆಯುತ್ತಾರೆ. ಗಂಡು ಹುಟ್ಟಿದರೆ 'ಜೋ', ಅದು ಉಳುವುದಕ್ಕೆ, ಹೊರೆಗೆ, ಅದಕ್ಕೆ ಸಂತಾನವಾಗದು. ಹೆಣ್ಣು ಹುಟ್ಟಿದರೆ 'ಜೋಮೊ', ಅದು ತಾಯಿಗಿಂತ ಹೆಚ್ಚು ಹಾಲು ಕೊಡುತ್ತದೆ. ಕೃತಕ ಗರ್ಭಧಾರಣೆಯ ಹೆಸರೇ ಕೇಳದ ಕಾಲದಿಂದ ಅವರು ಮಾಡಿಕೊಂಡು ಬಂದ ತಳಿ ಸುಧಾರಣೆ ಇದು. ಹಾಲನ್ನು ಯಾರೂ ಕೊಳ್ಳಲು ಬರುವುದಿಲ್ಲವಾದ್ದರಿಂದ ಮೊಸರು ಕಡೆದು ಬೆಣ್ಣೆ ತೆಗೆಯುತ್ತಾರೆ, ಉಳಿದ ಮಜ್ಜಿಗೆಯನ್ನು ಕಾಯಿಸಿ ಒಡೆಸಿ ಒಣಗಿಸಿ 'ಛುರ್ಪೆ' ಮಾಡಿ ಚಳಿಗಾಲಕ್ಕೆ ಇಡುತ್ತಾರೆ. ಸಗಣಿ ಒಣಗಿದರೆ ಅದೇ ಒಲೆಯ ಸೌದೆ.

ಇಂಥ ಊರಿಗೆ ಹಿಮಚಿರತೆ ಒಂದು ಶಾಪವಾಗಿತ್ತು. 1990ರ ದಶಕದಲ್ಲಿ ಉದ್ಯಾನದ ಹಳ್ಳಿಗಳಲ್ಲಿ ನಡೆದ ಒಂದು ಸಮೀಕ್ಷೆಯಂತೆ ಸುಮಾರು ಹದಿನಾಲ್ಕು ತಿಂಗಳಲ್ಲಿ ಶೇ. 12ರಷ್ಟು ಜಾನುವಾರು ಹಿಮಚಿರತೆ, ತೋಳ ಮೊದಲಾದವುಗಳ ಪಾಲಾಗಿದ್ದವು. ನಿಮ್ಮ ಕೊಟ್ಟಿಗೆಯ ಎಂಟು ರಾಸುಗಳಲ್ಲಿ ಒಂದು ವರ್ಷ ಕಳೆಯುವಷ್ಟರಲ್ಲಿ ಇಲ್ಲವಾಯಿತು ಎಂದು ಲೆಕ್ಕ ಹಾಕಿ ನೋಡಿ. ಅದಕ್ಕಿಂತ ಕೆಟ್ಟದ್ದು ರಾತ್ರಿಯ ದಾಳಿ. ಕುರಿದೊಡ್ಡಿಯ ಗೋಡೆ ಗಿಡ್ಡ, ಮೇಲೆ ಮುಚ್ಚಿಗೆ ಇಲ್ಲ. ಒಳಗೆ ಹಾರಿದ ಚಿರತೆಗೆ ಹೊರಬರುವ ದಾರಿ ತಿಳಿಯದೆ, ಗಾಬರಿಯಲ್ಲಿ ಓಡಾಡುವ ಕುರಿಗಳನ್ನೆಲ್ಲ ಕೊಲ್ಲುತ್ತ ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಹತ್ತಾರು ಕುರಿಗಳು ಸತ್ತಿರುತ್ತವೆ. ಊರವರು ಕಲ್ಲು, ದೊಣ್ಣೆ ಹಿಡಿದು ಬಂದರೆ ಅದರಲ್ಲಿ ಅಚ್ಚರಿಯೇನಿದೆ? ಪರಿಹಾರದ ಹಣ ಬಂದರೂ ತಡವಾಗಿ, ಅದೂ ಅರೆಬರೆ.

ಇತ್ತ 1974ರಲ್ಲಿ ಲಡಾಖ್ ಪ್ರವಾಸಿಗರಿಗೆ ತೆರೆದುಕೊಂಡಿತ್ತು. ಮಾರ್ಖಾ ಕಣಿವೆಯಲ್ಲಿ ಚಾರಣಕ್ಕೆ ಬರುವವರು ಹೆಚ್ಚಿದರು. ಆದರೆ ಅವರ ಡೇರೆ, ಅಕ್ಕಿಬೇಳೆ, ಅಡುಗೆಯವನು ಎಲ್ಲವೂ ಪಟ್ಟಣದ ಏಜೆಂಟರ ಮೂಲಕವೇ ಬರುತ್ತಿತ್ತು. ಹೊರೆಯ ಕುದುರೆಗಳು ಊರಿನ ಹುಲ್ಲು ಮೇಯ್ದವು, ಹೊಳೆಯ ದಂಡೆಯಲ್ಲಿ ಕಸ ಉಳಿಯಿತು. ಊರಿಗೆ ಸಿಕ್ಕಿದ್ದು ಚಿಲ್ಲರೆ ಕಾಸು.

2000ದ ಸುಮಾರಿಗೆ ಈ ಹಳ್ಳಿಗಳಲ್ಲಿ ಕೆಲಸ ಆರಂಭಿಸಿದವರು ಪರ್ವತಾರೋಹಿ ರಿಂಚೆನ್ ವಾಂಗ್ಚುಕ್ ಮತ್ತು ಅಮೆರಿಕದ ಹಿಮಚಿರತೆ ತಜ್ಞ ರಾಡ್ನಿ ಜಾಕ್ಸನ್. ವಾಂಗ್ಚುಕ್ ಲಡಾಖಿನವರೇ, ಅಲ್ಲಿನ ಸ್ನೋ ಲೆಪರ್ಡ್ ಕನ್ಸರ್ವೆನ್ಸಿ ಇಂಡಿಯಾ ಟ್ರಸ್ಟನ್ನು ಕಟ್ಟಿದ ಅವರು 2011ರಲ್ಲಿ ತೀರಿಕೊಂಡರು. ಇವರು ಚಿರತೆ ಉಳಿಸಿ ಎಂದು ಭಾಷಣ ಮಾಡಲಿಲ್ಲ. ಮೊದಲು ದೊಡ್ಡಿಗೆ ಕೈ ಹಾಕಿದರು. ತಂತಿಬಲೆ, ಮರದ ತೊಲೆ, ಭದ್ರವಾದ ಬಾಗಿಲು ಇವನ್ನು ಸಂಸ್ಥೆ ಒದಗಿಸಿತು. ಕಲ್ಲು ಮಣ್ಣು, ಮೈದುಡಿಮೆ ಊರವರದು. ಬಲೆ ಮುಚ್ಚಿದ ದೊಡ್ಡಿಯೊಳಗೆ ಚಿರತೆ ಇಳಿಯಲಾರದು. ಕೊಟ್ಟಿಗೆ ಭದ್ರವಾದ ಮೇಲೆಯೇ ಬೇರೆ ಮಾತು ನಡೆಯಿತು ಎಂಬುದನ್ನು ಗಮನಿಸಬೇಕು.

ಆದಾಯಕ್ಕೆ ಏನು ದಾರಿ ಎಂದು ಊರವರನ್ನೇ ಕೂಡಿಸಿ ಕೇಳಿದಾಗ ಮೂಡಿಬಂದದ್ದು ಮನೆಯಲ್ಲೇ ಅತಿಥಿಗಳನ್ನು ಇರಿಸಿಕೊಳ್ಳುವ ಯೋಜನೆ. 2002ರ ಹೊತ್ತಿಗೆ, ಯುನೆಸ್ಕೋ ನೆರವಿನೊಂದಿಗೆ, 'ಹಿಮಾಲಯನ್ ಹೋಂಸ್ಟೇ' ಎಂಬ ಹೆಸರಿನಲ್ಲಿ ಇದು ಶುರುವಾಯಿತು. ನಡೆಸುವವರು ಮನೆಯ ಹೆಂಗಸರು. ಹೊಸ ಕಟ್ಟಡ ಕಟ್ಟಿಸಲಿಲ್ಲ. ಇದ್ದ ಮನೆಯಲ್ಲೇ ಒಂದು ಕೋಣೆ ಗುಡಿಸಿ ಸಾರಿಸಿ ಹಾಸಿಗೆ ಹಾಕಿದರು. ಶುಚಿತ್ವ, ಕುದಿಸಿ ಸೋಸಿದ ನೀರು, ಅಡುಗೆ, ಲೆಕ್ಕ ಇವುಗಳಲ್ಲಿ ತರಬೇತಿ ಪಡೆದರು. ಊಟಕ್ಕೆ ಮನೆಯದೇ ಸ್ಕ್ಯೂ, ತುಕ್ಪಾ, ಹುರಿದ ಬಾರ್ಲಿ ಹಿಟ್ಟು, ಬೆಣ್ಣೆ ಚಹಾ. ಶೌಚಕ್ಕೆ ನೀರಿಲ್ಲದ ಒಣ ಪಾಯಿಖಾನೆ. ಅದರ ಗೊಬ್ಬರ ಹೊಲಕ್ಕೆ. ಚಾರಣದ ದಾರಿಯಲ್ಲಿ ಸೈನ್ಯದ ಹಳೆಯ ಪ್ಯಾರಾಚೂಟ್ ಬಟ್ಟೆಯನ್ನೇ ಚಪ್ಪರ ಮಾಡಿ ಚಹಾದಂಗಡಿ ಇಟ್ಟವರೂ ಹೆಂಗಸರೇ.

ಇನ್ನು ಕಟ್ಟುಪಾಡಿನ ವಿಚಾರ. ಇಲ್ಲಿಯೇ ನಮ್ಮ ಸಂಘದ ನೆನಪಾಗುವುದು. ಒಂದು ರಾತ್ರಿಯ ದರವನ್ನು ಊರೇ ಕೂತು ನಿಗದಿ ಮಾಡುತ್ತದೆ. ಒಬ್ಬರು ಇನ್ನೊಬ್ಬರಿಗಿಂತ ಇಳಿಸಿ ಗಿರಾಕಿ ಎಳೆಯುವಂತಿಲ್ಲ. ಅತಿಥಿಗಳು ಸರದಿಯಂತೆ ಹಂಚಿಕೆಯಾಗುತ್ತಾರೆ. ಇಂದು ಈ ಮನೆಗೆ ಬಂದರೆ ನಾಳೆ ಬಂದವರು ಮುಂದಿನ ಮನೆಗೆ. ದಾರಿಯ ಮೊದಲ ಮನೆಯವಳಿಗೂ ಊರ ತುದಿಯ ಮನೆಯವಳಿಗೂ ಒಂದೇ ನ್ಯಾಯ. ಅರ್ಧ ಲೀಟರ್ ತಂದವರಿಗೂ ಇಪ್ಪತ್ತು ಲೀಟರ್ ತಂದವರಿಗೂ ಜಿಡ್ಡಿನ ಲೆಕ್ಕ ಒಂದೇ ಇರುವ ಹಾಗೆ. ಬಂದ ಹಣದಲ್ಲಿ ಶೇ. 10 ಊರಿನ ಸಂರಕ್ಷಣಾ ನಿಧಿಗೆ. ಅದರಿಂದ ಕಸ ವಿಲೇವಾರಿ, ಗಿಡ ನೆಡುವುದು, ಹಳೆಯ ಸ್ತೂಪಗಳ ದುರಸ್ತಿ ಇಂಥ ಕೆಲಸ ನಡೆಯುತ್ತವೆ. ಉಳಿದದ್ದು ಮನೆಯೊಡತಿಯ ಕೈಗೆ. ಸ್ಟೆಪ್ ಯೋಜನೆಯಲ್ಲಿ ಹುಟ್ಟಿದ ನಮ್ಮ ಮಹಿಳಾ ಸಂಘಗಳ ಸದಸ್ಯೆಯರಿಗೆ, ಬಟವಾಡೆಯ ಹಣ ಸ್ವಂತ ಕೈಗೆ ಬರುವುದೆಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಪದ್ಧತಿ ಮುಂದೆ ಲಡಾಖಿನ ಬೇರೆ ಕಣಿವೆಗಳಿಗೂ ಹರಡಿ ನೂರಕ್ಕೂ ಹೆಚ್ಚು ಮನೆಗಳನ್ನು ಮುಟ್ಟಿತು. ಚಿರತೆಯ ವಿಚಾರದಲ್ಲೂ ಮಾತು ಬದಲಾಯಿತು. ಇಂದು ಕೊರೆಯುವ ಚಳಿಗಾಲದಲ್ಲೂ, ಜನವರಿಯಿಂದ ಮಾರ್ಚ್‌ವರೆಗೆ, ಹಿಮಚಿರತೆ ನೋಡಲೆಂದೇ ಜನ ರುಂಬಕ್‌ಗೆ ಬರುತ್ತಾರೆ. ಹಿಂದೆ ಊರಿನಲ್ಲಿ ಕೆಲಸವೇ ಇರದ ತಿಂಗಳುಗಳು ಅವು. ಕುರಿ ತಿನ್ನುವ ಮೃಗವೇ ಅತಿಥಿಗಳನ್ನು ಕರೆತರುವಾಗ ಅದನ್ನು ಹೊಡೆಯಲು ಯಾರು ಹೊರಟಾರು?

ಎಲ್ಲವೂ ಸಲೀಸಾಗಿದೆ ಎಂದೇನೂ ತಿಳಿಯಬೇಡಿ. 2022ರಲ್ಲಿ ಲಡಾಖಿಗೆ ಐದು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು. ಜನ ಹೆಚ್ಚಿದಷ್ಟೂ ಸರದಿ ಮುರಿಯುವ ಆಸೆಯೂ ಹೆಚ್ಚು. ರಸ್ತೆ ಬಂದ ಕಣಿವೆಯಲ್ಲಿ ಚಾರಣಿಗರು ರಾತ್ರಿ ನಿಲ್ಲದೆ ಮುಂದೆ ಹೋಗುತ್ತಾರೆ. 2020ರಲ್ಲಿ ಕೋವಿಡ್ ಬಂದಾಗ ಅತಿಥಿಗಳ ಬರವು ನಿಂತೇಹೋಯಿತು. ಆಗ ಮನೆ ನಡೆಸಿದ್ದು ಹೊಲ ಮತ್ತು ಕೊಟ್ಟಿಗೆ. ಹೋಂಸ್ಟೇ ನಂಬಿ ರಾಸು ಮಾರುವುದು ಸರಿಯಲ್ಲ ಎಂಬುದು ಈ ಲೇಖನದ ಸ್ಪಷ್ಟ ಅಭಿಪ್ರಾಯ. ಹಾಲಿಗೆ ದಿನಕ್ಕೆರಡು ಹೊತ್ತು ಗಿರಾಕಿ ಇದ್ದಾನೆ, ಪ್ರವಾಸಕ್ಕೆ ಋತುವಿದೆ.

ಮಲೆನಾಡಿನ ಕೆಲವು ಸಂಘಗಳ ವ್ಯಾಪ್ತಿಯಲ್ಲಿ ಇಂಥ ಯೋಚನೆ ಇರುವವರು ಇರಬಹುದು. ಅಂಥವರು ಮನೆಗೆ ಸುಣ್ಣ ಬಳಿಸುವ ಮೊದಲು ನೆರೆಹೊರೆಯ ನಾಲ್ಕಾರು ಮನೆಯವರು ಕೂತು ದರ, ಸರದಿ, ಊರಿನ ಪಾಲು ಈ ಮೂರನ್ನೂ ಬರಹದಲ್ಲಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಬೆಳಗಿನ ಕಾಫಿಗೆ ಅತಿಥಿ ಏಳುವ ಹೊತ್ತೂ ಹಾಲು ಕರೆದು ಸಂಘಕ್ಕೆ ಒಯ್ಯುವ ಹೊತ್ತೂ ಒಂದೇ ಆಗಿರುವುದರಿಂದ, ಆಗ ಯಾರು ಒಲೆಯ ಮುಂದೆ, ಯಾರು ಕೊಟ್ಟಿಗೆಯಲ್ಲಿ ಎಂಬುದನ್ನೂ ಮನೆಯವರು ಮುಂಚೆಯೇ ಮಾತಾಡಿಕೊಂಡಿರಬೇಕು.